ವಸಂತದಲ್ಲಿ ಟೆಂಟ್ ಎಲ್ಲಿ ಹಾಕೋಣ? ಸ್ಮೋಕಿ, ರಾಕಿ, ಯೆಲ್ಲೋಸ್ಟೋನ್: ಪ್ರಾಣಿ ನೋಡುವವರಿಗೊಂದು ಹೋಲಿಕೆ

ಮೊದಲ ಸಲ ನಾನು ಮಾಡಿದ ಎಡವಟ್ಟನ್ನು ಹೇಳಿಬಿಡುತ್ತೇನೆ. ಏಪ್ರಿಲ್ ಮೂರನೇ ವಾರ. ಅಮೆರಿಕದ ಕೊಲರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನಲ್ಲಿ ಮೊರೇನ್ ಪಾರ್ಕ್ ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟ್ ಹಾಕಿದ್ದೆವು. ಬೆಳಿಗ್ಗೆ ಬೇಗ ಎದ್ದು ಟ್ರೇಲ್ ರಿಜ್ ರಸ್ತೆ ಹತ್ತಬೇಕು, ಆಚೆ ಬದಿ ಇಳಿದು ಕಾವುನೀಚಿ ಕಣಿವೆಯಲ್ಲಿ ಜಿಂಕೆ ಕುಲದಲ್ಲೇ ಅತಿ ದೊಡ್ಡದಾದ ಮೂಸ್ ನೋಡಬೇಕು, ಸಂಜೆಗೆ ವಾಪಸ್ ಬಂದು ಅನ್ನ ಸಾರು ಮಾಡಬೇಕು. ಪ್ಲಾನ್ ಅಷ್ಟೇ. ಮ್ಯಾಪ್‌ನಲ್ಲಿ ರಸ್ತೆ ಚೆನ್ನಾಗಿಯೇ ಕಾಣುತ್ತಿತ್ತು. ಹೋಗಿ ನೋಡಿದರೆ ಮೆನಿ ಪಾರ್ಕ್ಸ್ ಕರ್ವ್ ಹತ್ತಿರ ಗೇಟು ಹಾಕಿತ್ತು. ಗೇಟಿನ ಆಚೆ ಬರೀ ಹಿಮ. ಆ ರಸ್ತೆ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ. ಅದರ ಅತಿ ಎತ್ತರದ ಜಾಗ 12,183 ಅಡಿ. ಇದನ್ನು ಮನೆಯಲ್ಲಿ ಕೂತು ಎರಡು ನಿಮಿಷದಲ್ಲಿ ತಿಳಿದುಕೊಳ್ಳಬಹುದಿತ್ತು.

ಮೂಸ್ ಸಿಗಲಿಲ್ಲ. ಆದರೆ ಗೇಟಿನಿಂದ ಪೆಚ್ಚಾಗಿ ಕೆಳಗೆ ಬರುವಾಗ, ನಮ್ಮ ಕ್ಯಾಂಪಿನ ಪಕ್ಕದ ಹುಲ್ಲುಗಾವಲಿನಲ್ಲೇ ನಲವತ್ತೋ ಐವತ್ತೋ ಎಲ್ಕ್ ಅನ್ನುವ ದೊಡ್ಡ ಜಿಂಕೆ‌ಗಳು ಮೇಯುತ್ತಿದ್ದವು. ನಾವು ಬೆಳಿಗ್ಗೆ ಅವುಗಳ ಮುಂದೆಯೇ ಕಾರು ಓಡಿಸಿಕೊಂಡು ಹೋಗಿದ್ದೆವು, ಮೂಸ್ ಗುಂಗಿನಲ್ಲಿ ಸರಿಯಾಗಿ ನೋಡಿಯೂ ಇರಲಿಲ್ಲ.

ಆಮೇಲೆ ಏಳೆಂಟು ವಸಂತ ಬೇರೆ ಬೇರೆ ಪಾರ್ಕುಗಳಲ್ಲಿ ಕಳೆದ ಮೇಲೆ ನನ್ನ ಲೆಕ್ಕಾಚಾರವೇ ಬದಲಾಗಿದೆ. ಈಗ ಯಾರಾದರೂ "ಸ್ಪ್ರಿಂಗ್ ಬ್ರೇಕ್‌ಗೆ ಯಾವ ಪಾರ್ಕ್ ಚೆನ್ನ?" ಅಂತ ಕೇಳಿದರೆ, "ಯಾವ ವಾರ ಹೋಗ್ತೀರಿ?" ಅಂತ ತಿರುಗಿ ಕೇಳುತ್ತೇನೆ. ವಾರ ಗೊತ್ತಾದರೆ ಎತ್ತರ ಗೊತ್ತಾಗುತ್ತದೆ. ಎತ್ತರ ಗೊತ್ತಾದರೆ ಕ್ಯಾಂಪ್‌ಗ್ರೌಂಡ್ ತಾನಾಗಿ ಗೊತ್ತಾಗುತ್ತದೆ. ಪಾರ್ಕಿನ ಹೆಸರು ಕೊನೆಗೆ.

ಇದಕ್ಕೆ ಕಾರಣ ಹುಲ್ಲು. ಬೆಟ್ಟದಲ್ಲಿ ಹಿಮ ಕರಗುವುದು ಕೆಳಗಿನಿಂದ ಮೇಲಕ್ಕೆ. ಹಿಮ ಹಿಂದೆ ಸರಿದ ಕಡೆಯೆಲ್ಲ ಎಳೆ ಹುಲ್ಲು ಹುಟ್ಟುತ್ತದೆ. ಚಳಿಗಾಲವಿಡೀ ಒಣ ಕಡ್ಡಿ ತಿಂದು ಸೊರಗಿದ ಪ್ರಾಣಿಗಳು ಆ ಹಸಿರಿನ ಅಂಚನ್ನೇ ಹಿಡಿದು ಮೇಲೆ ಹೋಗುತ್ತವೆ. ಅವುಗಳ ಹಿಂದೆ ತೋಳ, ಕರಡಿ. ಏಪ್ರಿಲ್‌ನಲ್ಲಿ ಎಲ್ಲರೂ ಕಣಿವೆಯ ತಳದಲ್ಲಿ ಒತ್ತಾಗಿ ಸೇರಿರುತ್ತಾರೆ, ಜುಲೈ ಹೊತ್ತಿಗೆ ಬೆಟ್ಟದ ತುಂಬ ಚದುರಿಹೋಗಿರುತ್ತಾರೆ. ಹಾಗಾಗಿ ವಸಂತದಲ್ಲಿ ತಗ್ಗಿನ ಕ್ಯಾಂಪಿಗೇ ಬೆಲೆ ಜಾಸ್ತಿ. ಫೋಟೋದಲ್ಲಿ ಸೊಗಸಾಗಿ ಕಾಣುವ, ಸರೋವರದ ದಂಡೆಯ, ಎತ್ತರದ ಕ್ಯಾಂಪುಗಳು ಈ ಕಾಲದಲ್ಲಿ ಮುಚ್ಚಿರುತ್ತವೆ. ಇಲ್ಲವೇ ತೆರೆದಿದ್ದರೂ ಸುತ್ತ ಹಿಮ ಬಿಟ್ಟು ಬೇರೇನೂ ಇರುವುದಿಲ್ಲ.

ಊರ ಕಡೆಯಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ಬಂಡೀಪುರ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯ ಜೀಪಿನಲ್ಲಿ ಕೂರಿಸಿ ಸುತ್ತಾಡಿಸಿ ತಂದುಬಿಡುತ್ತಾರೆ. ಇಲ್ಲಿ ಹಾಗಲ್ಲ. ಕಾರು ನಿಮ್ಮದು, ಟೆಂಟ್ ನಿಮ್ಮದು, ಬುದ್ಧಿಯೂ ನಿಮ್ಮದೇ ಇರಬೇಕು. ರಾತ್ರಿ ಟೆಂಟಿನ ಬಟ್ಟೆಯ ಆಚೆ ಏನೋ ಉಸಿರಾಡಿದರೆ ಕೇಳೋಕೆ ಗೈಡ್ ಇರುವುದಿಲ್ಲ.

ಏಪ್ರಿಲ್ ಆದರೆ: ಸ್ಮೋಕಿ ಬೆಟ್ಟ, ಕೇಡ್ಸ್ ಕೋವ್

ಟೆನೆಸ್ಸಿ ಮತ್ತು ನಾರ್ತ್ ಕ್ಯಾರೊಲೈನಾ ಗಡಿಯ ಮೇಲೆ ಕೂತಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್, ಮೂರರಲ್ಲಿ ಎಲ್ಲಕ್ಕಿಂತ ತಗ್ಗಿನ ಬೆಟ್ಟ. ಕೇಡ್ಸ್ ಕೋವ್ ಕ್ಯಾಂಪ್‌ಗ್ರೌಂಡ್ ಎರಡು ಸಾವಿರ ಅಡಿಯ ಒಳಗೇ ಇದೆ, ವರ್ಷವಿಡೀ ತೆರೆದಿರುತ್ತದೆ. ಪಾರ್ಕಿನ ಅತಿ ಎತ್ತರದ ತುದಿ ಕುವೋಹಿ 6,643 ಅಡಿ. ಹಿಂದೆ ಅದಕ್ಕೆ ಕ್ಲಿಂಗ್‌ಮನ್ಸ್ ಡೋಮ್ ಅನ್ನುತ್ತಿದ್ದರು, 2024ರಲ್ಲಿ ಚೆರೋಕಿ ಜನರ ಹಳೆಯ ಹೆಸರನ್ನೇ ಮತ್ತೆ ಇಟ್ಟರು. ಕೆಳಗೆ ಹೂವು ಅರಳಿ ಉದುರುವ ಹೊತ್ತಿಗೆ ಆ ತುದಿಯಲ್ಲಿ ಇನ್ನೂ ಮೊಗ್ಗು ಕಣ್ಣು ಬಿಟ್ಟಿರುವುದಿಲ್ಲ. ಒಂದೇ ದಿನದಲ್ಲಿ ಎರಡು ಕಾಲ ನೋಡಿ ಬರಬಹುದು.

ಇಲ್ಲಿ ನೋಡಬೇಕಾದ್ದು ಕಪ್ಪು ಕರಡಿ. ಪಾರ್ಕ್‌ನವರ ಅಂದಾಜಿನಂತೆ ಸುಮಾರು 1,900 ಇವೆ. ಜನವರಿ, ಫೆಬ್ರವರಿಯಲ್ಲಿ ಗುಹೆಯಲ್ಲೋ ಮರದ ಪೊಟರೆಯಲ್ಲೋ ಹುಟ್ಟಿದ ಮರಿಗಳು ಮಾರ್ಚ್ ಕೊನೆಯಿಂದ ಏಪ್ರಿಲ್‌ನಲ್ಲಿ ತಾಯಿಯ ಹಿಂದೆ ಹೊರಗೆ ಬರುತ್ತವೆ. ಆಗ ಕಾಡಿನಲ್ಲಿ ಹಣ್ಣು ಇರುವುದಿಲ್ಲ. ಎಳೆ ಹುಲ್ಲು ಮೇಯುತ್ತವೆ. ಜೊತೆಗೆ ಓಕ್ ಮರದ ಬೇರಿನ ಮೇಲೆ ಬದುಕುವ ಒಂದು ಗಿಡ ಇದೆ. ಎಲೆಯಿಲ್ಲ, ಹಸಿರಿಲ್ಲ, ನೆಲದಿಂದ ಜೋಳದ ತೆನೆ ಎದ್ದುನಿಂತ ಹಾಗೆ ಕಾಣುತ್ತದೆ. ಅಲ್ಲಿಯವರು ಅದಕ್ಕೆ ಕರಡಿ ಜೋಳ ಅನ್ನುತ್ತಾರೆ. ಅದು ಗೊಂಚಲಾಗಿ ಎದ್ದ ಜಾಗ ಕಂಡರೆ ಅಲ್ಲಿ ಸುಮ್ಮನೆ ಸುತ್ತಾಡಬೇಡಿ, ನಿಮಗಿಂತ ಮುಂಚೆ ಅದರ ಮೇಲೆ ಕಣ್ಣಿಟ್ಟವರು ಇರುತ್ತಾರೆ.

ಕೇಡ್ಸ್ ಕೋವ್‌ನಲ್ಲಿ 11 ಮೈಲಿಯ ಒಂದು ಸುತ್ತು ರಸ್ತೆ ಇದೆ, ಏಕಮುಖ. ಹತ್ತು ಗಂಟೆಗೆ ಹೋದರೆ ಅದು ರಸ್ತೆಯಲ್ಲ, ಪಾರ್ಕಿಂಗ್ ಲಾಟ್. ಯಾರೋ ಒಬ್ಬರು ಜಿಂಕೆ ನೋಡೋಕೆ ನಿಲ್ಲಿಸಿದರೆ ಹಿಂದಿನ ಇನ್ನೂರು ಕಾರು ನಿಲ್ಲುತ್ತದೆ. ಕ್ಯಾಂಪಿನಲ್ಲಿ ಉಳಿದವರ ಲಾಭ ಇರುವುದೇ ಇಲ್ಲಿ. ಸೂರ್ಯ ಹುಟ್ಟುವ ಹೊತ್ತಿಗೆ ಗೇಟು ತೆರೆಯುತ್ತದೆ. ಊರಿನ ಹೋಟೆಲ್‌ಗಳಲ್ಲಿ ಇರುವವರು ಅಷ್ಟೊತ್ತಿಗೆ ಇನ್ನೂ ಹಲ್ಲುಜ್ಜುತ್ತಿರುತ್ತಾರೆ, ನೀವು ಗೇಟಿನ ಮುಂದೆ ಎರಡನೆಯವರೋ ಮೂರನೆಯವರೋ ಆಗಿರುತ್ತೀರಿ.

ಆ ಕಾಯುವ ಅರ್ಧ ಗಂಟೆ ಬಹಳ ಚೆನ್ನ. ಇಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ. ಹೊಲದ ಮೇಲೆ ಮಂಜು ಮೊಣಕಾಲೆತ್ತರಕ್ಕೆ ಹಾಸಿಕೊಂಡಿರುತ್ತದೆ. ಮೊದಲು ಎಲ್ಲೋ ದೂರದಲ್ಲಿ ಒಂದು ಗಂಡು ಟರ್ಕಿ ಕೋಳಿ ಗೊಳಗೊಳ ಅನ್ನುತ್ತದೆ, ಬಾಯಿ ಮುಕ್ಕಳಿಸಿದ ಹಾಗೆ. ಇನ್ನೊಂದು ಉತ್ತರ ಕೊಡುತ್ತದೆ. ಒಂದು ಸಲ ನಮ್ಮ ಕಾರಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ಒಂದು ಗಂಡು ಬಾಲ ಬೀಸಣಿಗೆ ಮಾಡಿ, ರೆಕ್ಕೆ ನೆಲಕ್ಕೆ ಕೆರೆಯುತ್ತಾ ನಿಂತಿತು. ತಲೆ ನೀಲಿ, ಕತ್ತು ಕೆಂಪು, ಎದೆಯಿಂದ ಒಂದು ಕರಿ ಜುಟ್ಟು ನೇತಾಡುತ್ತಿತ್ತು. ಮುಂದಿದ್ದ ಹೆಣ್ಣು ಕೋಳಿ ಕತ್ತೆತ್ತಿ ಕೂಡ ನೋಡಲಿಲ್ಲ, ಹುಳ ಹೆಕ್ಕುತ್ತಲೇ ಇತ್ತು. ಪಾಪ, ಹತ್ತು ನಿಮಿಷ ಕುಣಿಯಿತು.

ಮೇ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ಬುಧವಾರ ಈ ಸುತ್ತಿನಲ್ಲಿ ಕಾರು ಬಿಡುವುದಿಲ್ಲ, ನಡೆಯುವವರಿಗೆ ಮತ್ತು ಸೈಕಲ್‌ಗೆ ಮಾತ್ರ. ಕ್ಯಾಂಪ್ ಅಂಗಡಿಯಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ನನ್ನನ್ನು ಕೇಳಿದರೆ, ಮೇ ತಿಂಗಳಲ್ಲಿ ಮಂಗಳವಾರ ಮತ್ತು ಬುಧವಾರ ರಾತ್ರಿ ಸಿಗುವಂತೆ ಬುಕ್ ಮಾಡಿ. ಶನಿವಾರದ ಕೇಡ್ಸ್ ಕೋವ್ ಬೇಡವೇ ಬೇಡ.

ಕೇಡ್ಸ್ ಕೋವ್ ಬದಲು ಎಲ್ಕ್‌ಮಾಂಟ್ ಕ್ಯಾಂಪ್ ತೆಗೆದುಕೊಳ್ಳಬಹುದಾ? ಏಪ್ರಿಲ್‌ನಲ್ಲಿ ಬೇಡ. ಅದು ಮರಗಳ ನಡುವೆ, ಹೊಳೆಯ ಪಕ್ಕ ಇದೆ, ಬಯಲು ಇಲ್ಲ. ದೊಡ್ಡ ಪ್ರಾಣಿ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಮೇ ಕೊನೆಯಿಂದ ಜೂನ್ ಮಧ್ಯದ ನಡುವೆ ಆದರೆ ಕಣ್ಣು ಮುಚ್ಚಿ ಎಲ್ಕ್‌ಮಾಂಟ್ ಅನ್ನುತ್ತೇನೆ. ಒಂದೇ ಲಯದಲ್ಲಿ ಮಿನುಗುವ ಮಿಂಚುಹುಳಗಳು ಅಲ್ಲಿವೆ. ಸಾವಿರಾರು ಹುಳ ಒಟ್ಟಿಗೆ ಐದಾರು ಸಲ ಮಿನುಗಿ, ಒಟ್ಟಿಗೇ ಆರಿ, ಕೆಲವು ಸೆಕೆಂಡು ಇಡೀ ಕಾಡು ಕತ್ತಲಾಗಿ, ಮತ್ತೆ ಶುರುವಾಗುತ್ತದೆ. ಇದನ್ನು ನೋಡೋಕೆ ಹೊರಗಿನಿಂದ ಕಾರಿನಲ್ಲಿ ಬರುವವರಿಗೆ ಲಾಟರಿ. ಎಲ್ಕ್‌ಮಾಂಟ್ ಕ್ಯಾಂಪಿನಲ್ಲಿ ಸೈಟ್ ಹಿಡಿದವರಿಗೆ ಲಾಟರಿ ಬೇಕಿಲ್ಲ, ನಡೆದು ಹೋದರಾಯಿತು. ಟಾರ್ಚಿಗೆ ಕೆಂಪು ಸೆಲೋಫೇನ್ ಸುತ್ತಿ, ನೆಲಕ್ಕೆ ಹಿಡಿದು ನಡೆಯಿರಿ. ಫೋನಿನ ಬಿಳಿ ಬೆಳಕು ಹಾಕಿದರೆ ಪಕ್ಕದವರು ಬೈಯುತ್ತಾರೆ, ಬೈಯಲೂ ಬೇಕು.

ಖರ್ಚಿನ ವಿಷಯಕ್ಕೆ ಬಂದರೆ ಸ್ಮೋಕಿಗೆ ಪ್ರವೇಶ ಶುಲ್ಕ ಇಲ್ಲ. ಆದರೆ 2023ರ ಮಾರ್ಚ್‌ನಿಂದ, 15 ನಿಮಿಷಕ್ಕಿಂತ ಜಾಸ್ತಿ ಕಾರು ನಿಲ್ಲಿಸುವವರು ಪಾರ್ಕಿಂಗ್ ಚೀಟಿ ತಗೋಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15 ಡಾಲರ್ ಅಂತ ಶುರು ಮಾಡಿದರು. ಮಿಕ್ಕ ಎರಡು ಪಾರ್ಕುಗಳಲ್ಲಿ ಪ್ರವೇಶಕ್ಕೇ ದುಡ್ಡು.

ಮೇ ಮಧ್ಯದವರೆಗೆ: ರಾಕಿ, ಮೊರೇನ್ ಪಾರ್ಕ್

ಮೊರೇನ್ ಪಾರ್ಕ್ ಕ್ಯಾಂಪ್ ಎಂಟು ಸಾವಿರ ಅಡಿಗಿಂತ ಮೇಲಿದೆ. ಕೇಡ್ಸ್ ಕೋವ್‌ಗಿಂತ ನಾಲ್ಕು ಪಟ್ಟು ಎತ್ತರ. ಏಪ್ರಿಲ್, ಮೇನಲ್ಲಿ ಹಿಮ ಬೀಳುವುದು ಇಲ್ಲಿ ಸುದ್ದಿಯೇ ಅಲ್ಲ. ಸಮುದ್ರ ಮಟ್ಟದ ಊರಿನಿಂದ ನೇರ ಬಂದವರಿಗೆ ಮೊದಲ ರಾತ್ರಿ ತಲೆ ಭಾರವಾಗುತ್ತದೆ. ನೀರು ಜಾಸ್ತಿ ಕುಡಿಯಿರಿ, ಮೊದಲ ದಿನ ಬೆಟ್ಟ ಹತ್ತುವ ಸಾಹಸ ಬೇಡ.

ಇದರ ದೊಡ್ಡ ಗುಣ ಏನಂದ್ರೆ ಕ್ಯಾಂಪಿನಿಂದಲೇ ನೋಟ. ಬೇರೆ ಕಡೆ ಕ್ಯಾಂಪಿನಿಂದ ಕಾರು ತೆಗೆದು ಹೊರಡಬೇಕು. ಇಲ್ಲಿ ಅಂಚಿನ ಸೈಟ್ ಸಿಕ್ಕರೆ ಕಾಫಿ ಲೋಟ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಕೆಳಗೆ ಅಗಲವಾದ ಹುಲ್ಲುಗಾವಲು, ನಡುವೆ ಬಳುಕುವ ಹೊಳೆ, ಅದರಲ್ಲಿ ಎಲ್ಕ್ ಹಿಂಡು. ಎಲ್ಕ್ ಅಂದ್ರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಗಂಡುಗಳ ಕೊಂಬು ಚಳಿಗಾಲದ ಕೊನೆಗೆ ಉದುರಿ, ಏಪ್ರಿಲ್‌ನಲ್ಲಿ ಹೊಸದು ಮೊಳೆಯುತ್ತಿರುತ್ತದೆ. ಮೇಲೆ ಮಖಮಲ್ಲಿನಂಥ ಚರ್ಮ. ಬೇಸಿಗೆಯಲ್ಲಿ ದಿನಕ್ಕೆ ಒಂದು ಇಂಚಿನವರೆಗೂ ಬೆಳೆಯುತ್ತದಂತೆ. ಬಿದ್ದ ಕೊಂಬು ಸಿಕ್ಕರೆ ಫೋಟೋ ತೆಗೆದು ಅಲ್ಲೇ ಬಿಡಿ, ಎತ್ತಿಕೊಂಡು ಹೋಗುವುದು ಅಪರಾಧ.

ಕಾಡು ಕುರಿ ನೋಡುವ ಆಸೆ ಇದ್ದರೆ ಮೇ ಬರಲಿ. ಬಿಗ್‌ಹಾರ್ನ್ ಕುರಿಗಳು ಮೇ ತಿಂಗಳಿಂದ ಆಗಸ್ಟ್ ಮಧ್ಯದವರೆಗೆ ಬೆಟ್ಟದಿಂದ ಇಳಿದು, ರಸ್ತೆ ದಾಟಿ, ಶೀಪ್ ಲೇಕ್ಸ್ ಅನ್ನುವ ಕೆರೆಗಳ ದಂಡೆಗೆ ಬರುತ್ತವೆ. ಅಲ್ಲಿನ ಮಣ್ಣಿನಲ್ಲಿ ಅವಕ್ಕೆ ಬೇಕಾದ ಖನಿಜ ಇದೆ. ಹಾಲೂಡುವ ತಾಯಂದಿರಿಗೆ ಅದು ಇನ್ನೂ ಮುಖ್ಯ. ಅವು ದಾಟುವಾಗ ರೇಂಜರ್‌ಗಳು ಟ್ರಾಫಿಕ್ ನಿಲ್ಲಿಸುತ್ತಾರೆ.

ಹಕ್ಕಿ ಪ್ರಿಯರಿಗೂ ಇದು ಒಳ್ಳೆ ಜಾಗ. ಆಕಾಶದ ತುಂಡು ಕಿತ್ತು ಮಾಡಿದ ಹಾಗಿರುವ ಮೌಂಟನ್ ಬ್ಲೂಬರ್ಡ್ ಮಾರ್ಚ್‌ನಲ್ಲೇ ಬಂದಿರುತ್ತದೆ. ಮೇ ಹೊತ್ತಿಗೆ ಬ್ರಾಡ್‌ಟೇಲ್ಡ್ ಹಮ್ಮಿಂಗ್‌ಬರ್ಡ್. ಇದು ಕಾಣುವ ಮೊದಲೇ ಕೇಳುತ್ತದೆ: ಗಂಡಿನ ರೆಕ್ಕೆಯೇ ಗೆಜ್ಜೆ ಅಲುಗಿಸಿದಂತೆ ಸದ್ದು ಮಾಡುತ್ತದೆ. ಟೆಂಟಿನ ಮೇಲೆ ಕೆಂಪು ಟವೆಲ್ ಒಣಗಹಾಕಿದ್ದಾಗ ಒಂದು ಬಂದು ಅದನ್ನು ಹೂವೋ ಅಲ್ಲವೋ ಅಂತ ತಪಾಸಣೆ ಮಾಡಿ ಹೋಯಿತು. ಲಂಪಿ ರಿಜ್ ಕಡೆ ಬಂಡೆಗಳ ಕೆಲವು ಭಾಗಗಳನ್ನು ಮಾರ್ಚ್ 1ರಿಂದ ಜುಲೈ 31ರವರೆಗೆ ಮುಚ್ಚುತ್ತಾರೆ, ಹದ್ದು ಗಿಡುಗಗಳು ಗೂಡು ಕಟ್ಟುವ ಕಾಲ ಅಂತ.

ಮೂಸ್ ಕಥೆ ಮೊದಲೇ ಹೇಳಿದೆ. ಅವು ಹೆಚ್ಚಾಗಿ ಇರುವುದು ಪಶ್ಚಿಮದ ಬದಿಯಲ್ಲಿ. ರಸ್ತೆ ತೆರೆಯುವವರೆಗೆ ಆಚೆಗೆ ಹೋಗಲು ಪಾರ್ಕನ್ನೇ ಸುತ್ತುಹಾಕಿ ಗಂಟೆಗಟ್ಟಲೆ ಓಡಿಸಬೇಕು. ಮೂಸ್‌ಗಾಗಿಯೇ ಹೋಗುವವರು ಮೇನಲ್ಲಿ ರಾಕಿ ಬಿಟ್ಟು, ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್‌ನ ಗ್ರೋ ವಾಂಟ್ (Gros Ventre) ಕ್ಯಾಂಪ್ ನೋಡಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದ ಹಾಗೆ ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ, ಫ್ರೆಂಚ್ ಹೆಸರು. ಮೇ ಮೊದಲಲ್ಲೇ ತೆರೆಯುತ್ತದೆ, ಹೊಳೆಯ ದಂಡೆಯ ವಿಲ್ಲೋ ಪೊದೆಗಳಲ್ಲಿ ಮೂಸ್ ಮೇಯುತ್ತವೆ, ಕೆಲವೊಮ್ಮೆ ಕ್ಯಾಂಪಿನ ಒಳಗೇ ನಡೆದು ಬರುತ್ತವೆ.

ಇನ್ನೊಂದು ಸಂಗತಿ. ರಾಕಿಯಲ್ಲಿ ಕಳೆದ ಕೆಲವು ವರ್ಷಗಳಿಂದ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಪ್ರವೇಶಕ್ಕೂ ಮೊದಲೇ ಸಮಯ ಕಾಯ್ದಿರಿಸಬೇಕು. ಕ್ಯಾಂಪ್ ಸೈಟ್ ಬುಕ್ ಆಗಿದ್ದರೆ ಆ ತಲೆನೋವು ಇರುವುದಿಲ್ಲ.

ದೊಡ್ಡ ಆಟ: ಯೆಲ್ಲೋಸ್ಟೋನ್, ಮ್ಯಾಮತ್

ತೋಳ, ಗ್ರಿಜ್ಲಿ ಕರಡಿ, ಬೈಸನ್ ಮೂರೂ ಬೇಕು ಅಂದರೆ ಬೇರೆ ಮಾತೇ ಇಲ್ಲ. 1872ರಲ್ಲಿ ಶುರುವಾದ ಈ ಪಾರ್ಕ್‌ನಲ್ಲಿ ಹತ್ತಕ್ಕಿಂತ ಹೆಚ್ಚು ಕ್ಯಾಂಪ್‌ಗ್ರೌಂಡುಗಳಿವೆ. ಆದರೆ ಏಪ್ರಿಲ್‌ನಲ್ಲಿ ನಿಮಗೆ ಇರುವುದು ಒಂದೇ: ಮ್ಯಾಮತ್. ಪಾರ್ಕಿನ ಉತ್ತರ ಬಾಗಿಲಿನ ಗಾರ್ಡಿನರ್ ಊರಿನಿಂದ ಐದು ಮೈಲಿ, ಸುಮಾರು 6,200 ಅಡಿ, 80ಕ್ಕೂ ಹೆಚ್ಚು ಸೈಟ್. ವರ್ಷವಿಡೀ ತೆರೆದಿರುವ ಕ್ಯಾಂಪ್ ಇಡೀ ಪಾರ್ಕಿನಲ್ಲಿ ಇದೊಂದೇ.

ನೋಡೋಕೆ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ರಸ್ತೆ ಹೇರ್‌ಪಿನ್ ತಿರುವಿನಲ್ಲಿ ಕ್ಯಾಂಪನ್ನೇ ಸುತ್ತಿಕೊಂಡು ಹೋಗುತ್ತದೆ. ಲಾರಿ ಏರುವ ಸದ್ದು ಕೇಳುತ್ತದೆ. ನೆರಳು ಕಡಿಮೆ, ಕುರುಚಲು ಗಿಡ, ಅಲ್ಲಲ್ಲಿ ಜೂನಿಪರ್ ಮರ. ಸ್ನಾನಕ್ಕೆ ವ್ಯವಸ್ಥೆ ಇಲ್ಲ. ಬೇಸಿಗೆಯಲ್ಲಿ ಯಾರಾದರೂ ಕೇಳಿದರೆ ಬೇರೆ ಕಡೆ ಹೋಗಿ ಅನ್ನುತ್ತೇನೆ. ಆದರೆ ವಸಂತದಲ್ಲಿ ಇದರ ಬೋಳುತನವೇ ಇದರ ಬಂಡವಾಳ. ತಗ್ಗು, ಬಿಸಿಲು ಬೀಳುವ ಇಳಿಜಾರು, ಹಿಮ ಬೇಗ ಕರಗುತ್ತದೆ, ಹುಲ್ಲು ಬೇಗ ಬರುತ್ತದೆ.

ಮೇ ಕೊನೆಯ ಒಂದು ರಾತ್ರಿ ಟೆಂಟಿನಲ್ಲಿ ನನಗೆ ಎಚ್ಚರವಾಯಿತು. ಚರಕ್ ಚರಕ್ ಅಂತ ಸದ್ದು, ಯಾರೋ ಹಳೆ ಬಟ್ಟೆ ಹರಿದ ಹಾಗೆ. ಜಿಪ್ ಎರಡು ಬೆರಳಷ್ಟು ಇಳಿಸಿ ನೋಡಿದೆ. ಬೆಳದಿಂಗಳಲ್ಲಿ ನಾಲ್ಕು ಕಾಲು, ಅಷ್ಟೇ ಕಂಡದ್ದು. ಹೆಣ್ಣು ಎಲ್ಕ್ ನಮ್ಮ ಟೆಂಟಿನ ಗೂಟದ ಪಕ್ಕದ ಹುಲ್ಲು ಕೀಳುತ್ತಿತ್ತು. ಅದರ ಹೊಟ್ಟೆಯ ಗುಡುಗುಡು ಕೂಡ ಕೇಳುತ್ತಿತ್ತು. ನಮ್ಮಾಕೆ ಮಲಗಿದ್ದಲ್ಲೇ "ಏನ್ರೀ ಅದು?" ಅಂದಳು. "ಊಟ ಮಾಡ್ತಿದೆ, ಸುಮ್ನಿರು" ಅಂದೆ. ಜಿಪ್ ಮತ್ತೆ ಹಾಕಲು ಕೈ ಬರಲಿಲ್ಲ, ಸದ್ದಾಗುತ್ತದೆ ಅಂತ. ಸುಮಾರು ಹೊತ್ತು ಹಾಗೇ ಚಳಿಯಲ್ಲಿ ಕೂತಿದ್ದೆ.

ಬೆಳಿಗ್ಗೆ ರೇಂಜರ್ ಬಂದು, ಪಕ್ಕದ ಪೊದೆಯಲ್ಲಿ ಕರು ಇರಬಹುದು, ಆ ಕಡೆ ಹೋಗಬೇಡಿ ಅಂದರು. ಎಲ್ಕ್ ತಾಯಿ ಕರುವನ್ನು ಪೊದೆಯಲ್ಲೋ, ಕಟ್ಟಡದ ಪಕ್ಕವೋ, ಕಾರಿನ ಮರೆಯಲ್ಲೋ ಮಲಗಿಸಿ ಮೇಯಲು ಹೋಗುತ್ತದೆ. ಕರುವಿಗೆ ಚುಕ್ಕೆ ಇರುತ್ತದೆ, ಅಲ್ಲಾಡದೆ ಮಲಗಿರುತ್ತದೆ. ನೀವು ಗೊತ್ತಿಲ್ಲದೆ ಹತ್ತಿರ ಹೋದರೆ ತಾಯಿ ಓಡಿ ಬಂದು ಮುಂಗಾಲಲ್ಲಿ ಒದೆಯುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಮ್ಯಾಮತ್‌ನಲ್ಲಿ ಕಟ್ಟಡದ ಮೂಲೆ ತಿರುಗುವಾಗಲೂ ಇಣುಕಿ ನೋಡಿಯೇ ತಿರುಗಬೇಕು. ಕರಡಿಗೆ ಹೆದರಿ ಹೆದರಿ ಹೋದವರು ಎಲ್ಕ್ ಕೈಲಿ ಒದೆ ತಿಂದು ಬರುತ್ತಾರೆ.

ಮ್ಯಾಮತ್ ಆರಿಸಲು ನಿಜವಾದ ಕಾರಣ ರಸ್ತೆ. ಪಾರ್ಕಿನ ಉತ್ತರ ಬಾಗಿಲಿನಿಂದ ಕುಕ್ ಸಿಟಿವರೆಗಿನ ರಸ್ತೆ ಮಾತ್ರ ಚಳಿಗಾಲದಲ್ಲೂ ಕಾರಿಗೆ ತೆರೆದಿರುತ್ತದೆ. ತೋಳ, ಬೈಸನ್ ಹೆಚ್ಚಾಗಿ ಕಾಣುವ ಲಮಾರ್ ಕಣಿವೆ ಆ ದಾರಿಯಲ್ಲೇ ಇದೆ, ಮ್ಯಾಮತ್‌ನಿಂದ ಒಂದು ಗಂಟೆಯ ಒಳಗೆ. ಪಶ್ಚಿಮದ ಬಾಗಿಲು ಏಪ್ರಿಲ್ ಮೂರನೇ ಶುಕ್ರವಾರದ ಹೊತ್ತಿಗೆ ತೆರೆಯುತ್ತದೆ, ಮಿಕ್ಕ ರಸ್ತೆಗಳು ಮೇನಲ್ಲಿ ಒಂದೊಂದಾಗಿ. ಲಮಾರ್‌ಗೆ ಹತ್ತಿರದ ಸ್ಲೂ ಕ್ರೀಕ್ ಕ್ಯಾಂಪಿನ ಹೆಸರು ಎಲ್ಲರ ಬಾಯಲ್ಲೂ ಇದೆ, ನಿಜಕ್ಕೂ ಒಳ್ಳೆ ಜಾಗ. ಆದರೆ ಅದು ಜೂನ್ ಮಧ್ಯಕ್ಕೆ ತೆರೆಯುತ್ತದೆ, ಅಷ್ಟೊತ್ತಿಗೆ ಬೈಸನ್ ಕರುಗಳ ಬಣ್ಣ ಮಾಸಲು ಶುರುವಾಗುವ ಕಾಲ ಹತ್ತಿರ ಬಂದಿರುತ್ತದೆ.

ಬೈಸನ್ ಕರುಗಳ ಬಗ್ಗೆ ಹೇಳಲೇಬೇಕು. ನಮ್ಮ ಕಾಟಿಯನ್ನೂ ಕೆಲವರು ಬೈಸನ್ ಅನ್ನುತ್ತಾರೆ, ಇದು ಅದಲ್ಲ. ಇದಕ್ಕೆ ತಲೆ, ಹೆಗಲ ತುಂಬ ಜಡೆಗಟ್ಟಿದ ಕೂದಲು. ಏಪ್ರಿಲ್, ಮೇನಲ್ಲಿ ಹುಟ್ಟುವ ಕರು ಉಂಡೆ ಬೆಲ್ಲದ ಬಣ್ಣ. ಅಲ್ಲಿಯವರು ಪ್ರೀತಿಯಿಂದ ರೆಡ್ ಡಾಗ್ ಅನ್ನುತ್ತಾರೆ. ಕಪ್ಪು ಅಮ್ಮಂದಿರ ಕಾಲ ಸಂದಿಯಿಂದ ಹತ್ತು ಹದಿನೈದು ಬೆಲ್ಲದುಂಡೆಗಳು ಇದ್ದಕ್ಕಿದ್ದ ಹಾಗೆ ಬಾಲ ಎತ್ತಿಕೊಂಡು ಓಡುತ್ತವೆ, ಮತ್ತೆ ಅದೇ ವೇಗದಲ್ಲಿ ವಾಪಸ್. ಯಾಕೆ ಓಡಿದವು, ಯಾಕೆ ನಿಂತವು, ಯಾರಿಗೂ ಗೊತ್ತಾಗಲ್ಲ. ಮುದ್ದು ಉಕ್ಕುತ್ತದೆ, ಅಲ್ವಾ? ಆ ಮುದ್ದೇ ಅಪಾಯ. 2016ರ ಮೇನಲ್ಲಿ ಪ್ರವಾಸಿಗರಿಬ್ಬರು ಒಂದು ಕರುವಿಗೆ ಚಳಿಯಾಗುತ್ತಿದೆ ಅಂದುಕೊಂಡು ಅದನ್ನು ಕಾರಿನಲ್ಲಿ ಹಾಕಿಕೊಂಡು ರೇಂಜರ್ ಹತ್ತಿರ ತಂದರು. ಹಿಂಡು ಅದನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಪಾರ್ಕ್‌ನವರೇ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಗ್ರಿಜ್ಲಿ ಗಂಡುಗಳು ಮಾರ್ಚ್‌ನಲ್ಲೇ ಗವಿ ಬಿಟ್ಟು ಬರುತ್ತವೆ. ಮರಿಗಳಿರುವ ತಾಯಂದಿರು ತಡ, ಏಪ್ರಿಲ್‌ನಿಂದ ಮೇ ಮಧ್ಯದವರೆಗೆ. ಮೊದಲು ತಿನ್ನುವುದು ಚಳಿಗಾಲದಲ್ಲಿ ಸತ್ತ ಎಲ್ಕ್, ಬೈಸನ್‌ಗಳ ಹೆಣ. ಹಾಗಾಗಿ ಕಾಗೆ, ಹದ್ದುಗಳ ಗುಂಪು ಒಂದೇ ಕಡೆ ಇಳಿಯುತ್ತಿದ್ದರೆ ದೂರದಿಂದಲೇ ದುರ್ಬೀನು ಹಿಡಿಯಿರಿ, ಕಾಲ್ನಡಿಗೆಯಲ್ಲಿ ಆ ಕಡೆ ಹೋಗಲೇಬೇಡಿ. ತೋಳಗಳನ್ನು 1995 ಮತ್ತು 1996ರಲ್ಲಿ ಕೆನಡಾದಿಂದ ತಂದು ಬಿಟ್ಟರು, ಅದಕ್ಕೂ ಮೊದಲು ದಶಕಗಟ್ಟಲೆ ಇಲ್ಲಿ ಹಿಂಡುಗಳೇ ಇರಲಿಲ್ಲ. ಮರಿ ಹಾಕುವುದು ಏಪ್ರಿಲ್‌ನಲ್ಲಿ. ಆಗ ಹಿಂಡು ಗವಿಯ ಸುತ್ತಲೇ ಇರುತ್ತದೆ, ಬೇಟೆಗೆ ಹೋಗಿ ಅಲ್ಲಿಗೇ ವಾಪಸ್ ಬರುತ್ತದೆ. ನೋಡುವವರಿಗೆ ಅದೇ ಅನುಕೂಲ.

ಲಮಾರ್‌ನಲ್ಲಿ ತೋಳ ಹುಡುಕುವ ಸುಲಭ ಉಪಾಯ ಹೇಳುತ್ತೇನೆ: ತೋಳ ಹುಡುಕಬೇಡಿ, ಸ್ಟ್ಯಾಂಡಿನ ಮೇಲೆ ದೊಡ್ಡ ಸ್ಪಾಟಿಂಗ್ ಸ್ಕೋಪ್ (ಒಂಟಿ ಕಣ್ಣಿನ ದೂರದರ್ಶಕ) ಇಟ್ಟುಕೊಂಡು ರಸ್ತೆ ಬದಿ ನಿಂತವರನ್ನು ಹುಡುಕಿ. ವರ್ಷಗಟ್ಟಲೆ ಅದೇ ಕೆಲಸ ಮಾಡುವವರು ಇದ್ದಾರೆ. ಕಾರನ್ನು ಸರಿಯಾಗಿ ಬದಿಗೆ ನಿಲ್ಲಿಸಿ, ಬಾಗಿಲು ಮೆಲ್ಲಗೆ ಹಾಕಿ, ಮೆಲು ದನಿಯಲ್ಲಿ ಕೇಳಿ. ಬಹುಪಾಲು ಜನ ಖುಷಿಯಿಂದ ತಮ್ಮ ಸ್ಕೋಪ್ ಬಿಟ್ಟುಕೊಡುತ್ತಾರೆ. ಮೈಲಿ ದೂರದ ಗುಡ್ಡದ ಮೇಲೆ ಬೂದು ಚುಕ್ಕೆ ಇದ್ದದ್ದು, ಸ್ಕೋಪಿನಲ್ಲಿ ಆಕಳಿಸುವ ತೋಳ ಆಗುತ್ತದೆ.

ಟೆಂಟಾ, ಗಾಡಿಯಾ? ದುರ್ಬೀನಾ, ಸ್ಕೋಪಾ?

ಇದು ಬೇಗ ಮುಗಿಯುತ್ತದೆ. ಸ್ಮೋಕಿಗೆ ಟೆಂಟ್ ಸಾಕು, ಮಳೆ ತಡೆಯುವ ಹೊದಿಕೆ ಮಾತ್ರ ಗಟ್ಟಿ ಇರಲಿ. ರಾಕಿ, ಯೆಲ್ಲೋಸ್ಟೋನ್‌ಗೆ ಏಪ್ರಿಲ್‌ನಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದ ಅಪ್ಪ ಅಮ್ಮನೋ ಜೊತೆಗಿದ್ದರೆ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಳ್ಳಿ. ರಾತ್ರಿ ನೀರಿನ ಬಾಟಲಿ ಕಲ್ಲಾಗುತ್ತದೆ. ಇಬ್ಬರೇ, ಮೈಯಲ್ಲಿ ಕಸುವಿದೆ ಅನ್ನುವವರು ಟೆಂಟೇ ಹಾಕಿ. ಗಾಡಿಯ ಒಳಗೆ ಮಲಗಿದ್ದರೆ ಆ ಎಲ್ಕ್ ಹುಲ್ಲು ಕೀಳುವ ಸದ್ದು ನನಗೆ ಕೇಳುತ್ತಲೇ ಇರಲಿಲ್ಲ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಕ್ಯಾಂಪಿನಲ್ಲಿ ಮಾತ್ರ ಟೆಂಟ್‌ಗೆ ಅವಕಾಶವೇ ಇಲ್ಲ. ಕರಡಿ ಓಡಾಡುವ ಜಾಗ ಅಂತ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಬಿಡುತ್ತಾರೆ.

ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8×42 ದುರ್ಬೀನು ಇದ್ದರೆ ಕೇಡ್ಸ್ ಕೋವ್‌ಗೂ ಮೊರೇನ್ ಪಾರ್ಕ್‌ಗೂ ಧಾರಾಳ. ಲಮಾರ್‌ಗೆ ಅದು ಸಾಲದು. ಸ್ಕೋಪ್ ಕೊಳ್ಳಬೇಡಿ, ಗಾರ್ಡಿನರ್‌ನಲ್ಲಿ ಬಾಡಿಗೆಗೆ ಸಿಗುತ್ತದೆ.

ಎಷ್ಟು ದೂರ ನಿಲ್ಲಬೇಕು ಅನ್ನುವ ನಿಯಮ ಒಂದೊಂದು ಪಾರ್ಕ್‌ನಲ್ಲಿ ಒಂದೊಂದು. ಸ್ಮೋಕಿಯಲ್ಲಿ ಕರಡಿ, ಎಲ್ಕ್‌ನಿಂದ 50 ಗಜ. ರಾಕಿಯಲ್ಲಿ ಎಲ್ಕ್, ಕಾಡು ಕುರಿಯಿಂದ 75 ಅಡಿ. ಮೂಸ್, ಕರಡಿಯಿಂದ 120 ಅಡಿ. ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳ, ಬೆಟ್ಟದ ಸಿಂಹ ಅನ್ನುವ ದೊಡ್ಡ ಬೆಕ್ಕಿನಿಂದ 100 ಗಜ, ಮಿಕ್ಕ ಎಲ್ಲದರಿಂದ 25 ಗಜ. ಬೈಸನ್ ಗಂಟೆಗೆ 35 ಮೈಲಿ ವೇಗದಲ್ಲಿ ಓಡುತ್ತದೆ, ನಾನು ನೀವು ಹತ್ತೋ ಹನ್ನೆರಡೋ. ನೆನಪಿಟ್ಟುಕೊಳ್ಳೋಕೆ ಕಷ್ಟವಾದರೆ ಒಂದೇ ಗುರುತು: ನಿಮ್ಮನ್ನು ನೋಡಿ ಅದು ಮೇಯುವುದು ನಿಲ್ಲಿಸಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ.

ಯೆಲ್ಲೋಸ್ಟೋನ್, ಟೀಟನ್‌ನಲ್ಲಿ ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ಬ್ಯಾಗಿನ ತಳದಲ್ಲಿ ಅಲ್ಲ, ಸೊಂಟದಲ್ಲಿ ಇರಬೇಕು. ವಿಮಾನದಲ್ಲಿ ಬರುವವರು ಮನೆಯಿಂದ ತರಲಾಗದು, ಕ್ಯಾಬಿನ್ ಬ್ಯಾಗಿನಲ್ಲೂ ಇಲ್ಲ, ಚೆಕ್‌ಇನ್‌ನಲ್ಲೂ ಇಲ್ಲ. ಇಳಿದ ಮೇಲೆ ಕೊಳ್ಳಿ.

ಅಡುಗೆ ವಿಷಯದಲ್ಲಿ ನಮ್ಮವರಿಗೆ ವಿಶೇಷ ಎಚ್ಚರಿಕೆ ಬೇಕು. ಇಂಗು ಸಾಸಿವೆ ಒಗ್ಗರಣೆ ಹಾಕಿದ ಬಾಣಲೆಯನ್ನು "ಬೆಳಿಗ್ಗೆ ತೊಳೆಯೋಣ" ಅಂತ ಬೆಂಚಿನ ಮೇಲೆ ಬಿಟ್ಟು ಮಲಗಿದರೆ, ಅರ್ಧ ಕಣಿವೆಗೆ ಊಟದ ಕರೆ ಕೊಟ್ಟ ಹಾಗೆ. ಪಾತ್ರೆ, ಎಣ್ಣೆ, ಟೂತ್‌ಪೇಸ್ಟ್, ಸೋಪು, ಮಗುವಿನ ಬಿಸ್ಕತ್ತು ಎಲ್ಲ ಕರಡಿಗೆ ತೆರೆಯಲಾಗದ ಬೇರ್ ಬಾಕ್ಸ್‌ನೊಳಗೆ, ಅದು ಇಲ್ಲದ ಕಡೆ ಕಾರಿನೊಳಗೆ ಕಿಟಕಿ ಏರಿಸಿ. ನಾವು ವಸಂತದ ಕ್ಯಾಂಪಿಗೆ ಒಗ್ಗರಣೆಯ ಅಡುಗೆ ಮಾಡುವುದನ್ನೇ ಬಿಟ್ಟಿದ್ದೇವೆ. ಮನೆಯಿಂದ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಚಪಾತಿ. ತೊಳೆಯೋದು ಕಡಿಮೆ, ಬೆಳಿಗ್ಗೆ ಬೇಗ ಹೊರಡಬಹುದು.

ಹಾಗಾದ್ರೆ ಯಾವುದು?

ಚಿಕ್ಕ ಮಕ್ಕಳು, ಮೊದಲ ಸಲದ ಕ್ಯಾಂಪಿಂಗ್, ಏಪ್ರಿಲ್ ರಜೆ: ಕೇಡ್ಸ್ ಕೋವ್, ಎರಡು ಮಾತಿಲ್ಲ. ಎರಡೇ ದಿನ ಬಿಡುವಿದೆ, ಓಡಾಡಲು ಮನಸ್ಸಿಲ್ಲ, ಕುರ್ಚಿ ಹಾಕಿಕೊಂಡು ನೋಡಬೇಕು ಅಂದರೆ ಮೊರೇನ್ ಪಾರ್ಕ್. ತೋಳ ನೋಡದೆ ಸಾಯಲ್ಲ ಅನ್ನುವವರು ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಂಡು ಮ್ಯಾಮತ್‌ಗೆ ಹೋಗಿ. ಒಂದು ದಿನ ಹಿಮ ತಿನ್ನುತ್ತದೆ, ಒಂದು ದಿನ ಏನೂ ಕಾಣಲ್ಲ, ಮಿಕ್ಕ ಎರಡು ದಿನ ನಿಮ್ಮದು. ಏಪ್ರಿಲ್‌ಗಿಂತ ಮೇ ಎರಡನೇ ಮೂರನೇ ವಾರ ಮೇಲು: ಬೈಸನ್ ಕರುಗಳು ಇರುತ್ತವೆ, ತಾಯಿ ಕರಡಿಗಳು ಹೊರಬಂದಿರುತ್ತವೆ, ರಜೆಯ ಜನಜಂಗುಳಿ ಇನ್ನೂ ಬಂದಿರುವುದಿಲ್ಲ.

ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಹೆಚ್ಚಿನ ಸೈಟ್‌ಗಳು ಆರು ತಿಂಗಳು ಮೊದಲೇ, ಪೂರ್ವ ಕರಾವಳಿಯ ಸಮಯ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತವೆ. ಮೇ ತಿಂಗಳಿಗೆ ಬೇಕಾದವರು ದೀಪಾವಳಿಯ ಆಸುಪಾಸಿನಲ್ಲೇ ಕಂಪ್ಯೂಟರ್ ಮುಂದೆ ಕೂರಬೇಕು. ಸಿಗದಿದ್ದರೆ ಬಿಡಬೇಡಿ. ಹವಾಮಾನ ವರದಿಯಲ್ಲಿ ಹಿಮ ಅಂತ ಬಂದ ತಕ್ಷಣ ಅರ್ಧ ಜನ ಕ್ಯಾನ್ಸಲ್ ಮಾಡುತ್ತಾರೆ. ಹೊರಡುವ ಹಿಂದಿನ ವಾರ ದಿನಕ್ಕೆರಡು ಸಲ ನೋಡುತ್ತಿರಿ. ನಮಗೆ ಮ್ಯಾಮತ್ ಸಿಕ್ಕಿದ್ದು ಹಾಗೇ, ಯಾರೋ ಚಳಿಗೆ ಹೆದರಿ ಬಿಟ್ಟುಕೊಟ್ಟ ಸೈಟು.